ಕಣ್ಮುಚ್ಚಿ ಒಂದೂವರೆ ಟನ್

“ರೂಮ್ ಸೈಜ್ ಎಷ್ಟು ಸರ್? ಹತ್ತು-ಹನ್ನೆರಡಾ? ಟಾಪ್ ಫ್ಲೋರಾ? ಹಾಗಾದ್ರೆ ಯೋಚ್ನೆನೇ ಬೇಡ. ಕಣ್ಮುಚ್ಕೊಂಡು ಒಂದೂವರೆ ಟನ್ ಹಾಕ್ಸಿ.”

2024ರ ಏಪ್ರಿಲ್ ನೆನಪಿದೆಯಲ್ವಾ? ಬೆಂಗಳೂರಲ್ಲಿ ಬೋರ್‌ವೆಲ್ ಬತ್ತಿ ಜನ ಟ್ಯಾಂಕರ್ ಹಿಂದೆ ಓಡಾಡ್ತಿದ್ದ ಬೇಸಿಗೆ. ನಮ್ಮದು ಲೀಸ್‌ಗೆ ಹಾಕ್ಕೊಂಡಿರೋ ಮೂರನೇ ಮಹಡಿಯ ಮನೆ, ಅದರ ಮೇಲೆ ಬರೀ ತಾರಸಿ. ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಿದರೆ ಬೆಚ್ಚಗೆ. ಅದೇ ವಾರ ತಿಪಟೂರು ಕಡೆಯ ನಮ್ಮ ಹಳ್ಳಿಯಿಂದ ಅಪ್ಪ ಕಣ್ಣಿನ ಪೊರೆ ಆಪರೇಷನ್ನಿಗೆ ಬಂದಿದ್ದರು. ಕಣ್ಣಿಗೆ ಬೆವರು ಇಳೀಬಾರದು ಅಂತ ಡಾಕ್ಟರು ಹೇಳಿದ್ದೇ ತಡ, ನಾನು ಶೋರೂಮಿಗೆ ಓಡಿದೆ. ಹದಿನೈದು ನಿಮಿಷದಲ್ಲಿ ಕಾರ್ಡ್ ಉಜ್ಜಿ ಹೊರಗೆ ಬಂದೆ. ಒಂದೂವರೆ ಟನ್, ಇನ್ವರ್ಟರ್, ಫೈವ್ ಸ್ಟಾರ್. ಆ ಹುಡುಗ ಹೇಳಿದ ಹಾಗೇ, ಕಣ್ಮುಚ್ಕೊಂಡು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಟಾರ್ಗೆಟ್ ಇದೆ, ಮೇಲೊಬ್ಬ ಮ್ಯಾನೇಜರ್ ಇದ್ದಾನೆ. ನನ್ನ ಸಿಟ್ಟು ನನ್ನ ಮೇಲೆ, ನಿಮ್ಮ ಮೇಲೆ, ಒಟ್ಟಾರೆ ನಮ್ಮ ಐಟಿ ಜಾತಿಯ ಮೇಲೆ. ಆಫೀಸಲ್ಲಿ ಯಾವನಾದರೂ ಜೂನಿಯರ್ ಇನ್ನೊಂದು ಸರ್ವರ್ ಬೇಕು ಅಂದರೆ ನಾವು ಏನು ಕೇಳ್ತೀವಿ? “ಲೋಡ್ ಎಷ್ಟಿದೆ? ಪೀಕ್ ಯಾವಾಗ? ಟೆಸ್ಟ್ ಮಾಡಿದೆಯಾ?” ಸಿಪಿಯು ಹತ್ತು ಪರ್ಸೆಂಟಲ್ಲಿ ನಿದ್ದೆ ಹೊಡೀತಿದ್ದರೆ ಕ್ಲೌಡ್ ಬಿಲ್ ತೋರಿಸಿ ಮಾನ ಕಳೀತೀವಿ. ಅದೇ ನಾವು, ಸ್ವಂತ ದುಡ್ಡಿನ ವಿಷಯ ಬಂದಾಗ, ಸ್ಕ್ವೇರ್ ಫೀಟ್ ಒಂದನ್ನೇ ಹೇಳಿ ಮಷೀನು ಮನೆಗೆ ತರ್ತೀವಿ. ಕಿಟಕಿ ಯಾವ ದಿಕ್ಕಿಗಿದೆ ಅಂತ ಅವನು ಕೇಳಲಿಲ್ಲ. ನಾನೂ ಹೇಳಲಿಲ್ಲ.

ಮೊದಲ ರಾತ್ರಿಯೇ ಬಣ್ಣ ಬಯಲಾಯ್ತು. ಹಾಕಿದ ಹತ್ತು ನಿಮಿಷಕ್ಕೆ ರೂಮು ಮಂಜುಗಡ್ಡೆ. ಆಮೇಲೆ ಕಂಪ್ರೆಸರ್ ನಿಂತಿತು. ಸ್ವಲ್ಪ ಹೊತ್ತಿಗೆ ತಾರಸಿಯ ಕಾವು ಮತ್ತೆ ಇಳಿಯಿತು. ಮತ್ತೆ ಗುರ್ ಅಂತ ಶುರು. ಇಡೀ ರಾತ್ರಿ ಇದೇ ಆಟ. ಬೆಳಿಗ್ಗೆ ನೋಡಿದರೆ ಅಪ್ಪ ಕಾಲಿಗೆ ಕಂಬಳಿ ಸುತ್ತಿಕೊಂಡು ಹಾಲ್‌ನಲ್ಲಿ ಕೂತಿದ್ದಾರೆ, ಒಂದು ಕಣ್ಣಿಗೆ ಪಟ್ಟಿ ಬೇರೆ.

“ಏನ್ಲಾ ಇದು? ತಲೆ ಮೇಲೆ ಕಾವು, ಕಾಲಿಗೆ ಮಾಗಿ ಚಳಿ. ಒಂದ್ ಗಳಿಗೆ ಓಡ್ತದೆ, ಒಂದ್ ಗಳಿಗೆ ನಿಲ್ತದೆ. ಒಂದಿಂಚು ನೀರಿರೋ ಬೋರಿಗೆ ಹತ್ತು ಎಚ್‌ಪಿ ಮೋಟ್ರು ಇಳ್ಸಿದಂಗೈತೆ.”

ಬಿಇ ಓದಿದ ನನಗೆ ಹೊಳೆಯದ್ದನ್ನು ಏಳನೇ ಕ್ಲಾಸಿನ ಅಪ್ಪ ಒಂದೇ ಮಾತಲ್ಲಿ ಹೇಳಿ ಕಾಫಿ ಕೇಳಿದರು.

ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೋರ್ ಕೊರೆಸಿದಾಗ ಎಷ್ಟು ಇಂಚು ನೀರು ಬಿತ್ತು, ಎಷ್ಟು ಅಡಿ ಆಳದಿಂದ ಎತ್ತಬೇಕು, ತೋಟದ ಕೊನೆ ಮರ ಎಷ್ಟು ದೂರ, ಇಷ್ಟನ್ನೂ ಲೆಕ್ಕ ಹಾಕಿ ಆಮೇಲೆ ಮೋಟರು. ನೀರು ಕಮ್ಮಿ ಇರುವಲ್ಲಿ ದೊಡ್ಡ ಮೋಟರು ಇಳಿಸಿದರೆ ಐದು ನಿಮಿಷ ಭೋರ್ ಅಂತ ಹೊಡೆದು ಗಾಳಿ ಎಳೆಯೋಕೆ ಶುರು ಮಾಡುತ್ತೆ. ಮತ್ತೆ ನೀರು ಊರೋ ತನಕ ಕಾಯಬೇಕು. ಕೊನೆಗೆ ಕಾಯಿಲ್ ಸುಟ್ಟು ರಿವೈಂಡಿಂಗ್ ಅಂಗಡಿ ಸೇರುತ್ತೆ. ದೊಡ್ಡ ಮೋಟರು ತಂದವನನ್ನು ಊರಲ್ಲಿ ಯಾರೂ ಶ್ರೀಮಂತ ಅನ್ನಲ್ಲ.

ಎಸಿ ಅನ್ನೋದೂ ಪಂಪೇ. ಅದು ತಂಪನ್ನು ತಯಾರು ಮಾಡಲ್ಲ, ಒಳಗಿನ ಬಿಸಿಯನ್ನು ಎತ್ತಿ ಹೊರಗೆ ಸುರಿಯುತ್ತೆ. ಒಂದು ಯೂನಿಟ್ ಕರೆಂಟಿಗೆ ಮೂರು-ನಾಲ್ಕು ಯೂನಿಟ್‌ನಷ್ಟು ಬಿಸಿ ಸಾಗಿಸುತ್ತೆ, ಜಾಣತನ ಇರೋದು ಅಲ್ಲೇ. ಚಳಿ ದೇಶಗಳಲ್ಲಿ ಇದೇ ಯಂತ್ರವನ್ನು ಹಿಂದುಮುಂದಾಗಿ ಓಡಿಸಿ ಹೊರಗಿನ ಬಿಸಿಯನ್ನು ಒಳಗೆ ಎಳೀತಾರೆ. ಅಲ್ಲಿ ಇದರ ಹೆಸರೇ ಡಕ್ಟ್‌ಲೆಸ್ ಹೀಟ್ ಪಂಪ್. ನಮ್ಮಲ್ಲಿ ‘ಹಾಟ್ ಆಂಡ್ ಕೋಲ್ಡ್’ ಅಂತ ಬರೆದು ಮಾರ್ತಾರೆ. ಬೆಂಗಳೂರಿನ ಡಿಸೆಂಬರಿಗೆ ಒಂದು ಸ್ವೆಟರ್ ಸಾಕು, ಆ ‘ಹಾಟ್’ಗೆ ಹೆಚ್ಚಿನ ದುಡ್ಡು ಕೊಡಬೇಡಿ.

ಸರಿ, ಪಂಪು ಅಂದ ಮೇಲೆ ಬಾವಿಯಲ್ಲಿ ಎಷ್ಟಿದೆ ಅಂತ ನೋಡಬೇಕು ತಾನೇ? ಅಪ್ಪನ ಮಾತು ಕೇಳಿದ ಮೇಲೆ ಶನಿವಾರ ಕೂತು ಲೆಕ್ಕ ಹಾಕಿದೆ. ಅಂದಾಜಿನ ಲೆಕ್ಕವೇ, ಆದರೆ ಕಣ್ಣು ಮುಚ್ಚಿದ್ದಲ್ಲ. ರೂಮು 120 ಚದರ ಅಡಿ, ಅಂದರೆ ಸುಮಾರು 11 ಚದರ ಮೀಟರ್. ಬರಿ ಕಾಂಕ್ರೀಟ್ ತಾರಸಿ ಮೂಲಕ ಸಂಜೆ ಹೊತ್ತಿಗೆ ಇಳಿಯೋ ಬಿಸಿ ಸುಮಾರು 800 ವ್ಯಾಟ್. ಪಶ್ಚಿಮಕ್ಕೆ ನಾಲ್ಕಡಿ-ನಾಲ್ಕಡಿಯ ಗಾಜಿನ ಕಿಟಕಿ. ಸಂಜೆ ನಾಲ್ಕರ ಬಿಸಿಲು ನೇರ ಹೊಡೆದರೆ ಅದೊಂದರಿಂದಲೇ 700 ವ್ಯಾಟ್ ಹತ್ತಿರ. ಪಶ್ಚಿಮದ ಗೋಡೆಯಿಂದ 200 ಚಿಲ್ಲರೆ. ಇಬ್ಬರು ಮನುಷ್ಯರು, ಇನ್ನೊಂದು 200. ಫ್ಯಾನು, ಲೈಟು, ಲ್ಯಾಪ್‌ಟಾಪು, ಬಾಗಿಲ ಸಂದಿಯ ಗಾಳಿ ಎಲ್ಲ ಸೇರಿ 200-250. ಒಟ್ಟು 2,200 ವ್ಯಾಟ್. ಇದು ದಿನದ ಅತಿ ಕೆಟ್ಟ ಗಂಟೆಯ ಕಥೆ. ರಾತ್ರಿ ಮಲಗೋ ಹೊತ್ತಿಗೆ ಕಿಟಕಿಯ ಬಿಸಿಲು ಸೊನ್ನೆ, ಒಟ್ಟು ಒಂದು ಕಿಲೋವ್ಯಾಟ್ ಆಸುಪಾಸಿಗೆ ಇಳಿಯುತ್ತೆ.

ಈಗ ಒಂದು ಟನ್ ಅಂದರೆ ಎಷ್ಟು? ಸುಮಾರು 3,500 ವ್ಯಾಟ್. ಒಂದೂವರೆ ಟನ್ ಅಂದರೆ 5,200 ಮೇಲೆ. ಬೇಕಾಗಿದ್ದದ್ದು 2,200, ತಂದದ್ದು 5,200. ಟಾಪ್ ಫ್ಲೋರು, ಪಶ್ಚಿಮದ ಕಿಟಕಿ, ಕೆಟ್ಟ ಗಂಟೆ, ಎಲ್ಲಾ ಸೇರಿಸಿ ನೋಡಿದರೂ ಒಂದು ಟನ್ನಿನಲ್ಲೇ ಜಾಗ ಮಿಕ್ಕುತ್ತಿತ್ತು. ಮುಕ್ಕಾಲು, 0.8 ಟನ್ನಿನ ಯಂತ್ರಗಳೂ ಮಾರುಕಟ್ಟೆಯಲ್ಲಿವೆ. ಶೋರೂಮಿನಲ್ಲಿ ಅವು ಎಲ್ಲೋ ಮೂಲೆಯಲ್ಲಿ ಇರ್ತವೆ, ಕೇಳಿದರೆ “ಅದು ಸಾಕಾಗಲ್ಲ ಸರ್” ಅಂತ ಮುಖ ಸಿಂಡರಿಸ್ತಾರೆ.

“ಅಯ್ಯೋ, ಇನ್ವರ್ಟರ್ ಅಲ್ವಾ ಗುರೂ? ದೊಡ್ಡದಾದರೇನು, ತಾನೇ ಕಮ್ಮಿ ಮಾಡ್ಕೊಳುತ್ತೆ.” ನನ್ನ ಟೀಮಲ್ಲಿ ಇದನ್ನು ಮೂರು ಜನ ಹೇಳಿದರು. ಅರ್ಧ ಸತ್ಯ. ಇನ್ವರ್ಟರ್ ಕಂಪ್ರೆಸರ್ ನಿಧಾನಕ್ಕೆ ಓಡಬಲ್ಲದು, ಅರ್ಧ ವೇಗದಲ್ಲಿ ಓಡುವಾಗ ಅದರ ದಕ್ಷತೆ ಹೆಚ್ಚೇ ಇರುತ್ತೆ, ಹಾಗಾಗಿ ಸ್ವಲ್ಪ ದೊಡ್ಡದು ತಂದರೆ ಪ್ರಪಂಚ ಮುಳುಗಲ್ಲ. ಆದರೆ ನಿಧಾನಕ್ಕೂ ಒಂದು ಮಿತಿ ಇದೆ. ಕೆಳಗಿನ ಆ ಮಿತಿಯನ್ನು ಸ್ಪೆಕ್ ಶೀಟಿನಲ್ಲಿ ‘ಮಿನಿಮಮ್ ಕೆಪ್ಯಾಸಿಟಿ’ ಅಂತ ಬರೆದಿರ್ತಾರೆ. ಸ್ಟಾರ್ ಸ್ಟಿಕ್ಕರ್ ಮೇಲೆ ನೂರು ಪರ್ಸೆಂಟು, ಐವತ್ತು ಪರ್ಸೆಂಟಿನ ಸಂಖ್ಯೆ ಸಿಗುತ್ತೆ, ಇದು ಸಿಗಲ್ಲ, ಹುಡುಕಬೇಕು. ನನ್ನ ಯಂತ್ರದ್ದು 1,500 ವ್ಯಾಟ್. ರಾತ್ರಿ ಬೇಕಾಗಿದ್ದದ್ದು ಒಂದು ಸಾವಿರ. ಎಷ್ಟೇ ತೆವಳಿದರೂ ಅದಕ್ಕಿಂತ ಕಮ್ಮಿ ಮಾಡೋಕಾಗದೆ ಪಾಪ ಆ ಯಂತ್ರ ನಿಂತು-ಓಡಿ, ನಿಂತು-ಓಡಿ ಅಪ್ಪನ ನಿದ್ದೆ ಕೆಡಿಸಿತು. ಅದೇ ಕಂಪನಿಯ ಒಂದು ಟನ್ನಿನ ಮಾಡೆಲ್‌ನ ಮಿತಿ 900. ಎಸಿ ಕೊಳ್ಳುವಾಗ ನೀವು ಒಂದೇ ಒಂದು ಪ್ರಶ್ನೆ ಕೇಳೋದಾದರೆ ಇದನ್ನೇ ಕೇಳಿ. ವೈಫೈ ಇದೆಯಾ ಅಂತ ಆಮೇಲೆ ಕೇಳಬಹುದು.

ಈ ‘ಟನ್’ ಅನ್ನೋ ಪದದ ಹಿಂದೆ ಒಂದು ಕಥೆ ಇದೆ. ಅದು ಯಂತ್ರದ ತೂಕ ಅಲ್ಲ. ಸುಮಾರು 907 ಕಿಲೋ ಮಂಜುಗಡ್ಡೆ, ಅಂದರೆ ಅಮೆರಿಕದ ಒಂದು ಟನ್, 24 ಗಂಟೆಯಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತೋ ಅಷ್ಟು. ಕರೆಂಟು ಬರುವ ಮುಂಚೆ ತಂಪು ಅಂದರೆ ಐಸೇ ಆಗಿದ್ದ ಕಾಲದ ಅಳತೆ. 1833ರಲ್ಲಿ ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ ಕೆರೆಗಳಲ್ಲಿ ಹೆಪ್ಪುಗಟ್ಟಿದ ಐಸ್ ಕೊಯ್ದು ಹಡಗಲ್ಲಿ ಕಲ್ಕತ್ತಕ್ಕೆ ಕಳಿಸಿದ್ದ. ಹೊರಟಾಗ 180 ಟನ್, ನಾಲ್ಕು ತಿಂಗಳಾದ ಮೇಲೆ ತಲುಪಿದ್ದು ಸುಮಾರು 100 ಟನ್. ಅದೇ ಧಂದೆಗೆ ಕಟ್ಟಿದ ಐಸ್ ಹೌಸ್ ಮದ್ರಾಸಿನ ಮರೀನಾ ಎದುರು ಇವತ್ತಿಗೂ ನಿಂತಿದೆ. ಸಮಭಾಜಕ ವೃತ್ತವನ್ನು ಎರಡು ಸಲ ದಾಟಿಯೂ ಅರ್ಧಕ್ಕಿಂತ ಹೆಚ್ಚು ಐಸ್ ಉಳಿದದ್ದು ಯಾವ ಕಂಪ್ರೆಸರಿನಿಂದ? ಮರದ ಹೊಟ್ಟಿನಿಂದ! ಸುತ್ತ ದಪ್ಪಗೆ ಮರದ ಹೊಟ್ಟು ತುಂಬಿ ಬಿಸಿ ಒಳಗೆ ಬರದ ಹಾಗೆ ತಡೆದಿದ್ದರು, ಅಷ್ಟೇ.

ನಾವು ತಲೆ ಮೇಲೆ ಐದಿಂಚು ಬೋಳು ಕಾಂಕ್ರೀಟ್ ಇಟ್ಟುಕೊಂಡು, ಪಶ್ಚಿಮಕ್ಕೆ ಗಾಜು ಹಾಕಿಕೊಂಡು, ಒಳಗೆ ಬಂದ ಬಿಸಿಯನ್ನು ದುಡ್ಡು ಕೊಟ್ಟು ಹೊರಗೆ ಹಾಕ್ತೀವಿ. ನಮ್ಮೂರಿನ ಮನೆಯಲ್ಲಿ ಹೆಂಚಿನ ಕೆಳಗೆ ಅಟ್ಟ, ಅಟ್ಟದಲ್ಲಿ ಕೊಬ್ಬರಿ. ಬಿಸಿಲಿನ ಏಟು ತಿನ್ನೋದು ಹೆಂಚು, ಕಾವು ತಿನ್ನೋದು ಕೊಬ್ಬರಿ, ಕೆಳಗೆ ಮಲಗೋದು ನಾವು. ಮುಂದೆ ಬೇಸಿಗೆಗೆ ಗರಿಯ ಚಪ್ಪರ. ಹಳ್ಳಿಯದ್ದೆಲ್ಲಾ ಶ್ರೇಷ್ಠ ಅಂತ ಹೇಳೋ ಗುಂಪಿನವನಲ್ಲ ನಾನು. ಅದೇ ಅಟ್ಟದಿಂದ ಇಲಿ, ಚೇಳು ಮೈಮೇಲೆ ಬೀಳೋದೂ ಗೊತ್ತು. ಆದರೆ ನೆರಳು ಗೋಡೆಯ ಹೊರಗಿರಬೇಕು ಅನ್ನೋ ಸರಳ ವಿಷಯ ಅಲ್ಲಿ ಗೊತ್ತಿತ್ತು. ನಾನು ಬೆಂಗಳೂರಲ್ಲಿ ಏನು ಮಾಡಿದ್ದೆ? ಕಿಟಕಿಯ ಒಳಗೆ ದುಬಾರಿ ಬ್ಲ್ಯಾಕ್‌ಔಟ್ ಕರ್ಟನ್. ಬಿಸಿಲು ಗಾಜು ದಾಟಿ ಕರ್ಟನ್ನಿಗೆ ಬಡಿದ ಮೇಲೆ ಬಿಸಿ ಒಳಗೆ ಬಂದಾಯ್ತು ಸ್ವಾಮಿ. ಕರ್ಟನ್ನೇ ಹೀಟರ್ ಆಗಿ ಕೂತಿರುತ್ತೆ.

ಹಾಗಾಗಿ ಎರಡು ಕೆಲಸ ಮಾಡಿದೆ. ಕಿಟಕಿಯ ಹೊರಗೆ, ಗ್ರಿಲ್ಲಿಗೆ, ನರ್ಸರಿಯವರು ಕಟ್ಟೋ ಹಸಿರು ನೆಟ್ ಎರಡು ಮಡಿಕೆ ಕಟ್ಟಿದೆ. ತಾರಸಿಗೆ ಸುಣ್ಣ. ಅದಕ್ಕೆ ಓನರ್ ಒಪ್ಪಿಸಲು ಎರಡು ವಾರ ಬೇಕಾಯ್ತು. “ನೋಡೋಕೆ ಚೆನ್ನಾಗಿರಲ್ಲ” ಅಂತ ಅವರ ವಾದ. ತಾರಸಿಯನ್ನು ಯಾರು ನೋಡ್ತಾರೆ, ಹದ್ದಾ? ಕೊನೆಗೆ ಖರ್ಚು ನಂದೇ ಅಂದ ಮೇಲೆ ಒಪ್ಪಿದರು. ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟು ಹೊಡೆಸಿದೆ. ದೂರದಿಂದ ಬಿಸಿ ಅಳೆಯೋ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ನೋಡಿದಾಗ, ರಾತ್ರಿ ಒಂಬತ್ತಕ್ಕೆ ಸೂರಿನ ಒಳಮೈ ಮೊದಲು 38 ಡಿಗ್ರಿ ಇದ್ದದ್ದು, ಆಮೇಲೆ 32. ಆ ಆರು ಡಿಗ್ರಿ ವ್ಯತ್ಯಾಸದಲ್ಲೇ ತಾರಸಿಯ ಬಿಸಿ ಅರ್ಧಕ್ಕಿಳಿಯಿತು. ಅಪ್ಪ ಹೇಳಿದ “ತಲೆ ಮೇಲೆ ಕಾವು” ಇದೇ. ಎಸಿಯ ಸೆನ್ಸರ್ ಗಾಳಿಯನ್ನು ಅಳೆಯುತ್ತೆ, ಸೂರನ್ನಲ್ಲ. ಗಾಳಿ 24 ಇದ್ದರೂ ಸೂರು 38 ಇದ್ದರೆ ಮೈಗೆ ಸೆಕೆಯೇ. ಆಗ ನಾವು ರಿಮೋಟ್ ತಗೊಂಡು 18ಕ್ಕೆ ಇಳಿಸ್ತೀವಿ. ಸ್ಟಾರ್ ಲೇಬಲ್ ಇರೋ ಎಸಿಗಳು ಆನ್ ಮಾಡಿದಾಗ 24ರಲ್ಲೇ ಶುರುವಾಗಬೇಕು ಅಂತ 2020ರಿಂದ ಸರ್ಕಾರದ ನಿಯಮವಿದೆ. ನಮ್ಮ ಹೆಬ್ಬೆರಳು ಮೊದಲು ಮಾಡೋ ಕೆಲಸ ಆ ನಿಯಮ ಮುರಿಯೋದು.

ಸುಣ್ಣ, ನೆಟ್ ಆದ ಮೇಲೆ ನನ್ನ ರೂಮಿನ ಕೆಟ್ಟ ಗಂಟೆಯ ಲೆಕ್ಕ 1,300 ಹತ್ತಿರಕ್ಕೆ ಬಂತು. ಅಂದರೆ ಒಂದೂವರೆ ಟನ್ನು ಈಗ ಇನ್ನೂ ದೊಡ್ಡ ದಡ್ಡತನ. ಮೊದಲು ಸುಣ್ಣ ಹೊಡೆಸಿ ಆಮೇಲೆ ಎಸಿ ತಂದಿದ್ದರೆ 0.8 ಸಾಕಿತ್ತು. ಕ್ರಮ ತಪ್ಪಿದ್ದು ನಾನೇ.

ಫೈವ್ ಸ್ಟಾರ್ ಬಗ್ಗೆಯೂ ಒಂದು ಮಾತು. ಸ್ಟಿಕ್ಕರ್ ಮೇಲಿನ ವಾರ್ಷಿಕ ಯೂನಿಟ್ ಲೆಕ್ಕ ವರ್ಷಕ್ಕೆ 1,600 ಗಂಟೆ ಓಡುತ್ತೆ ಅನ್ನೋ ಊಹೆ ಮೇಲೆ ನಿಂತಿದೆ. ಬೆಂಗಳೂರಲ್ಲಿ ಎಂಬತ್ತು ದಿನ, ದಿನಕ್ಕೆ ಐದು ಗಂಟೆ ಹಾಕಿದರೂ 400. ಉಳಿತಾಯವೂ ಕಾಲು ಭಾಗ. ಹೆಚ್ಚು ಕೊಟ್ಟ ದುಡ್ಡು ಯಾವಾಗ ವಾಪಸ್ ಬರುತ್ತೆ ಅಂತ ನಿಮ್ಮ ಗಂಟೆಗಳನ್ನೇ ಇಟ್ಟು ಭಾಗಿಸಿ ನೋಡಿ. ರಾಯಚೂರು, ಕಲಬುರಗಿಯವರ ಲೆಕ್ಕ ಬೇರೆ. ಅಲ್ಲಿ ಓಡೋ ಗಂಟೆ ಜಾಸ್ತಿ, ಫೈವ್ ಸ್ಟಾರ್ ದುಡ್ಡು ಬೇಗ ಹುಟ್ಟುತ್ತೆ. ಟನ್ನಿನ ಲೆಕ್ಕವೂ ಬೇರೆ, ಯಾಕಂದರೆ ಬರೆದಿರೋ ಸಾಮರ್ಥ್ಯ ಹೊರಗೆ 35 ಡಿಗ್ರಿ ಇದ್ದಾಗಿನದು. 42, 43ಕ್ಕೆ ಏರಿದಾಗ ಯಂತ್ರ ಸೋಲುತ್ತೆ, ರೂಮಿಗೆ ನುಗ್ಗೋ ಬಿಸಿ ಮಾತ್ರ ಏರುತ್ತೆ. ಅಲ್ಲಿ ಒಂದೂವರೆ ಹಾಕಿದವರನ್ನು ನಾನು ಆಡಿಕೊಳ್ಳಲ್ಲ.

ಕರಾವಳಿಯವರು ಮಾತ್ರ ಇದನ್ನು ಇನ್ನೂ ಗಂಭೀರವಾಗಿ ತಗೋಬೇಕು. ಮಂಗಳೂರಿನಿಂದ ವರ್ಕ್ ಫ್ರಮ್ ಹೋಮ್ ಮಾಡೋ ನನ್ನ ಸಹೋದ್ಯೋಗಿಯ ಚಿಕ್ಕ ರೂಮಿಗೂ ಇದೇ ಒಂದೂವರೆ. ಅಲ್ಲಿ ಶತ್ರು ಬರೀ ಬಿಸಿ ಅಲ್ಲ, ಗಾಳಿಯ ತೇವ. ಒಳಗಿನ ಕಾಯಿಲ್ ತಣ್ಣಗೆ ಬಹಳ ಹೊತ್ತು ಓಡಿದರೆ ಮಾತ್ರ ತೇವ ಅದರ ಮೇಲೆ ನೀರಾಗಿ ಹನಿದು ಪೈಪಲ್ಲಿ ಹೊರಗೆ ಹೋಗುತ್ತೆ. ದೊಡ್ಡ ಯಂತ್ರ ಐದು ನಿಮಿಷಕ್ಕೆ ಟೆಂಪರೇಚರ್ ಮುಟ್ಟಿ ನಿಂತುಬಿಡುತ್ತೆ, ತೇವ ಒಳಗೇ ಉಳಿಯುತ್ತೆ. ಚಳಿ ಚಳಿ, ಜಿಗುಟು ಜಿಗುಟು. ಅವರ ಬೀರುವಿನ ಹಿಂದೆ ಬೂಸಲು ಬಂದಿತ್ತು. ಅದಕ್ಕೆ ಶೋರೂಮಿನವರು ಕೊಟ್ಟ ಪರಿಹಾರ ಏನು ಗೊತ್ತಾ? ಎರಡು ಟನ್!

ಈ ಕಾಯಿಲೆ ನಮ್ಮ ದೇಶದ್ದೊಂದೇ ಅಲ್ಲ ಅನ್ನೋದು ಸ್ವಲ್ಪ ಸಮಾಧಾನ. ನನ್ನ ಕಾಲೇಜು ಗೆಳೆಯ ಬೋಸ್ಟನ್ ಹತ್ತಿರ ಪುಟ್ಟ ಹಳೇ ಮರದ ಮನೆ ಕೊಂಡಿದ್ದಾನೆ. ಹೀಟ್ ಪಂಪ್ ಹಾಕಿಸೋಣ ಅಂದರೆ ಬಂದ ಕಾಂಟ್ರ್ಯಾಕ್ಟರ್ ಮನೆ ಸುತ್ತ ಒಂದು ರೌಂಡ್ ಹೊಡೆದು, ರೂಮಿಗೊಂದರಂತೆ ಐದು ಇಂಡೋರ್, ಅದಕ್ಕೆಲ್ಲ ಸೇರಿ ಒಂದು ದೈತ್ಯ ಔಟ್‌ಡೋರ್ ಅಂತ ಕೊಟೇಶನ್ ಬರೆದ. ನಮ್ಮ ಹುಡುಗ ಇನ್ನೊಬ್ಬನನ್ನು ಕರೆಸಿದ. ಅವನು ‘ಮ್ಯಾನ್ಯುಯಲ್ ಜೆ’ ಅನ್ನೋ ಪದ್ಧತಿಯ ಪ್ರಕಾರ ಒಂದೊಂದು ಗೋಡೆ, ಕಿಟಕಿ ಅಳೆದು ಲೆಕ್ಕ ಹಾಕಿದ. ಆ ರಾಜ್ಯದ ಮಾಸ್ ಸೇವ್ ಯೋಜನೆಯಲ್ಲಿ ಮನೆಗೆ ಬಂದು ಗಾಳಿ ಸೋರೋ ಜಾಗ ಹುಡುಕಿಕೊಡ್ತಾರಂತೆ. ಮೊದಲು ಸಂದಿ ಮುಚ್ಚಿಸಿ, ಅಟ್ಟಕ್ಕೆ ಇನ್ಸುಲೇಶನ್ ತುಂಬಿಸಿದ. ಕೊನೆಗೆ ಎರಡೇ ಯಂತ್ರ ಸಾಕಾಯ್ತು. ಅಲ್ಲಿ ನೋಡಬೇಕಾದ ಸಂಖ್ಯೆ ನಮ್ಮದಕ್ಕೆ ಉಲ್ಟಾ: ಹೊರಗೆ ಚಳಿ ಹೆಚ್ಚಾದಷ್ಟೂ ಹೀಟ್ ಪಂಪಿನ ಶಕ್ತಿ ಇಳಿಯುತ್ತೆ, ಹಾಗಾಗಿ ಬ್ರೋಷರಿನ ದೊಡ್ಡ ಅಕ್ಷರದ ಸಂಖ್ಯೆ ಅಲ್ಲ, ಸೊನ್ನೆಗಿಂತ ಹತ್ತು-ಹದಿನೈದು ಡಿಗ್ರಿ ಕೆಳಗೆ ಎಷ್ಟು ಕೊಡುತ್ತೆ ಅನ್ನೋ ಸಣ್ಣ ಅಕ್ಷರದ ಸಂಖ್ಯೆ. ಅಲ್ಲೂ ಅಂಗಡಿಯವನು ಅದನ್ನು ತಾನಾಗಿ ತೋರಿಸಲಿಲ್ಲ.

ಇಷ್ಟೂ ನನ್ನ ದುಡ್ಡು, ನನ್ನ ನಿದ್ದೆಯ ಮಾತಾಯ್ತು. ಅಪ್ಪ ಇನ್ನೊಂದು ಪ್ರಶ್ನೆ ಕೇಳಿದ್ದರು.

ಔಟ್‌ಡೋರ್ ಯೂನಿಟ್ಟನ್ನು ಫಿಟ್ಟಿಂಗಿನವನು ಹಿಂದುಗಡೆ ಗೋಡೆಗೆ ಬ್ರಾಕೆಟ್ ಹೊಡೆದು ತೂಗುಹಾಕಿದ್ದ. ಪೈಪು ಕಮ್ಮಿ ಸಾಕು, ಕೆಲಸ ಬೇಗ ಮುಗೀತದೆ. ಪೈಪು ಜೋಡಿಸಿದ ಮೇಲೆ ಒಳಗಿನ ಗಾಳಿ, ತೇವ ತೆಗೆಯೋ ವ್ಯಾಕ್ಯೂಮ್ ಪಂಪನ್ನೂ ಅವನು ತಂದಿರಲಿಲ್ಲ, ಜಗಳ ಆಡಿ ತರಿಸಬೇಕಾಯ್ತು, ಅದಿರಲಿ. ಹಿಂದುಗಡೆ ಮೂರಡಿ ಸಂದಿ, ಸಂದಿಯ ಆಚೆ ಎರಡಂತಸ್ತಿನ ಕಟ್ಟಡದ ಮೇಲೆ ಒಂದು ಶೀಟಿನ ಮನೆ. ಗಂಡ-ಹೆಂಡತಿ, ಎರಡು ಮಕ್ಕಳು. ಅವರ ಒಂದೇ ಕಿಟಕಿ ನಮ್ಮ ಕಡೆಗೆ. ಕಣ್ಣಿನ ಪಟ್ಟಿ ಬಿಚ್ಚಿದ ಎರಡನೇ ದಿನ ಅಪ್ಪ ಹಿಂದಿನ ಬಾಲ್ಕನಿಯಲ್ಲಿ ಕೂತು, ತಿರುಗೋ ಫ್ಯಾನಿನ ಕಡೆ ಕೈ ಚಾಚಿ ಕೇಳಿದರು:

“ಇದ್ರ ಬಿಸಿ ಎಲ್ಲಿಗೋಯ್ತದ್ಲಾ?”

“ಹೊರಕ್ಕೆ ಅಪ್ಪ.”

“ಹೊರಕ್ಕೆ ಅಂದ್ರೆ ಅವ್ರ ಮನೆ ಒಳಿಕ್ಕೆ.”

ಲೆಕ್ಕ ಇನ್ನೂ ಕ್ರೂರವಾಗಿದೆ. ಒಳಗಿಂದ ಎತ್ತಿದ ಬಿಸಿ ಮಾತ್ರ ಅಲ್ಲ, ಯಂತ್ರ ತಿಂದ ಕರೆಂಟೂ ಬಿಸಿಯಾಗಿ ಅದೇ ಫ್ಯಾನಿನಿಂದ ಹೊರಗೆ ಬರುತ್ತೆ. ಪೂರ್ತಿ ಓಡುವಾಗ ನನ್ನ ಒಂದೂವರೆ ಟನ್ನು ಆ ಕಿಟಕಿಗೆ ಆರೂವರೆ ಸಾವಿರ ವ್ಯಾಟ್ ಹತ್ತಿರ ಊದುತ್ತಿತ್ತು, ಮೂರು ದೊಡ್ಡ ರೂಮ್ ಹೀಟರ್ ಹಚ್ಚಿಟ್ಟ ಹಾಗೆ. ಮೊದಲೇ ಕಾದ ಶೀಟಿನ ಕೆಳಗೆ ಇರುವವರ ಮೇಲೆ. ಅವರು ಒಂದು ದಿನವೂ ಬಂದು ಕೇಳಲಿಲ್ಲ. ಕಿಟಕಿ ಮುಚ್ಚಿಕೊಂಡಿದ್ದರು. ಏಪ್ರಿಲ್‌ನಲ್ಲಿ.

ದುಡ್ಡು ಕೊಟ್ಟು ಔಟ್‌ಡೋರನ್ನು ತಾರಸಿಗೆ ಏರಿಸಿದೆ. ಅದಕ್ಕೆ ಮೇಲೆ ಶೀಟಿನ ನೆರಳು, ಗಾಳಿಗೆ ನಾಲ್ಕೂ ಕಡೆ ಜಾಗ. ಸಂದಿಯಲ್ಲಿ ತನ್ನದೇ ಬಿಸಿಗಾಳಿಯನ್ನು ಮತ್ತೆ ಎಳೆದುಕೊಂಡು ಏದುಸಿರು ಬಿಡ್ತಿದ್ದ ಯಂತ್ರಕ್ಕೂ ಅದರಿಂದ ಒಳ್ಳೆಯದೇ ಆಯ್ತು. ಹೆಚ್ಚಿನ ಪೈಪಿಗೆ, ಗ್ಯಾಸಿಗೆ, ಕೂಲಿಗೆ ಕೊಟ್ಟ ದುಡ್ಡಲ್ಲಿ ಒಂದು ಸುಮಾರಾದ ಮೊಬೈಲ್ ಬರುತ್ತಿತ್ತು. ನಿಮ್ಮ ಅಪಾರ್ಟ್‌ಮೆಂಟಿನ ಡಕ್ಟಿನಲ್ಲಿ, ಯುಟಿಲಿಟಿಯಲ್ಲಿ ಒಂದರ ಕೆಳಗೊಂದು ನೇತಾಡ್ತಿರೋ ಔಟ್‌ಡೋರ್‌ಗಳನ್ನು ಒಮ್ಮೆ ಬಗ್ಗಿ ನೋಡಿ. ಕೆಳಗಿನವನ ಬಿಸಿ ಮೇಲಿನವನಿಗೆ, ಮೇಲಿನವನ ಬಿಸಿ ಅದರ ಮೇಲಿನವನಿಗೆ. ಎಲ್ಲರೂ ಸೇರಿ “ಈ ವರ್ಷ ಭಾರಿ ಸೆಕೆ ಅಲ್ವಾ” ಅಂತ ಲಿಫ್ಟಲ್ಲಿ ಮಾತಾಡ್ತೀವಿ.

ಕಳೆದ ತಿಂಗಳು ಶೋರೂಮಿನ ಅದೇ ಹುಡುಗ ಫೋನ್ ಮಾಡಿದ್ದ. ಸರ್ವೀಸ್ ಕಾಂಟ್ರ್ಯಾಕ್ಟ್ ರಿನ್ಯೂ ಮಾಡಿಸ್ತೀರಾ, ಹಾಲ್‌ಗೆ ಎರಡು ಟನ್ನಿನ ಆಫರ್ ಇದೆ ಅಂತ. ಸುಣ್ಣ ಹೊಡೆಸಿದ್ದು, ನೆಟ್ ಕಟ್ಟಿದ್ದು, ರಾತ್ರಿ ಬೇಕಾಗೋದು ಸಾವಿರ ವ್ಯಾಟು ಅನ್ನೋದು, ಎಲ್ಲಾ ಹೇಳಿದೆ. ಪಾಪ, ತಾಳ್ಮೆಯಿಂದ ಕೇಳಿದ. ಕೊನೆಗೆ, ನಿಮ್ಮ ರೂಮಲ್ಲಿ ಎಷ್ಟು ಟನ್ ಹಾಕ್ಸಿದ್ದೀರಾ ಅಂದೆ.

“ನಮ್ದು ಶೀಟ್ ಮನೆ ಸರ್,” ಅಂದ. “ಆ ಸುಣ್ಣಕ್ಕೆ ಏನು ಬೆರೆಸ್ಬೇಕು ಅಂದ್ರಿ?”